ನೀರು ಹಾಕಿಕೊಟ್ಟ ದಾರಿ

ತುಂಗಭದ್ರಾ ಎಡದಂಡೆ ಕಾಲುವೆಯ ಲೆಕ್ಕ ಇವತ್ತಿಗೂ ಮೈಲಿನಲ್ಲೇ ನಡೆಯುತ್ತದೆ. ರಸ್ತೆಗಳೆಲ್ಲ ಕಿಲೋಮೀಟರಿಗೆ ಬಂದು ತಲೆಮಾರುಗಳು ಕಳೆದವು. ಆದರೆ ಕೆಳಭಾಗದ ರೈತರು ನೀರಿಗಾಗಿ ರಸ್ತೆಗಿಳಿದಾಗ ಕೇಳುವುದು 47ನೇ ಮೈಲಿನ ಗೇಜ್ ಎಷ್ಟು, 69ನೇ ಮೈಲಿನ ಗೇಜ್ ಎಷ್ಟು, 104ಕ್ಕೆ ಎಷ್ಟು ಮುಟ್ಟಿತು ಎಂದೇ. ಮುನಿರಾಬಾದಿನಲ್ಲಿ ಹುಟ್ಟಿ, ಗಂಗಾವತಿಯ ಭತ್ತದ ನಾಡನ್ನು ಹಾದು, ರಾಯಚೂರಿನತ್ತ ಸುಮಾರು 227 ಕಿಲೋಮೀಟರ್ ಹರಿಯುವ ಈ ಕಾಲುವೆಯ ದಂಡೆಯಲ್ಲಿ, ಅದರಿಂದ ಒಡೆದ ಉಪಕಾಲುವೆಗಳ ಪಕ್ಕದ ಸಣ್ಣ ದಾರಿಗಳಲ್ಲಿ ನಾನು ಬಹಳ ವರ್ಷ ಸೈಕಲ್ ತುಳಿದಿದ್ದೇನೆ. ಹಾಗೆ ತುಳಿದ ಮೇಲೆ, ಈ ಸೀಮೆಗೆ ಬರುವ ಸೈಕಲ್ ಸವಾರರಿಗೆ ಈಗ ರೂಢಿಯಾಗಿ ಹೇಳಿಕೊಡುವ ಹಾದಿಯ ಬಗ್ಗೆ ನನಗೊಂದು ಗಟ್ಟಿ ತಕರಾರಿದೆ. ಆ ಹಾದಿ ನೀರನ್ನು ಪಕ್ಕದಲ್ಲಿಟ್ಟುಕೊಂಡು ಗುಡಿಯಿಂದ ಗುಡಿಗೆ ಓಡುತ್ತದೆ. ಇಲ್ಲಿ ಸಪಾಟು ನೆಲವನ್ನು ಮಾಡಿದ್ದು ನೀರು, ದಾರಿಯನ್ನು ಹಾಕಿಕೊಟ್ಟದ್ದೂ ನೀರು. ಅದನ್ನು ಬಿಟ್ಟು ಎಳೆದ ಯಾವ ಸೈಕಲ್ ನಕ್ಷೆಯೂ ಈ ಊರುಗಳ ನಕ್ಷೆಯಾಗಲಾರದು.

ರೂಢಿಯ ಹಾದಿ ಯಾವುದೆಂದು ಮೊದಲು ಹೇಳಿಬಿಡುತ್ತೇನೆ. ಹಂಪಿಯಲ್ಲೋ ಕಮಲಾಪುರದಲ್ಲೋ ಬಾಡಿಗೆ ಸೈಕಲ್ ಹಿಡಿದವರು ತಳವಾರಘಟ್ಟಕ್ಕೆ ಬಂದು ಹೊಳೆ ದಾಟುತ್ತಾರೆ. ಇಲ್ಲವೇ ಬುಕ್ಕಸಾಗರ–ಕಡೇಬಾಗಿಲು ಸೇತುವೆ ಹಿಡಿಯುತ್ತಾರೆ. ಆನೆಗುಂದಿ, ಪಂಪಾಸರೋವರ, ಅಂಜನಾದ್ರಿ, ಸಾಣಾಪುರದ ಕೆರೆ, ಅಲ್ಲಿಂದ ವಾಪಸ್. ಈ ಹಾದಿಯ ಚೆಲುವನ್ನು ಕಡಿಮೆ ಮಾಡಿ ಹೇಳುವುದು ಸುಳ್ಳಾಗುತ್ತದೆ. ಒಂದು ಕೈಗೆ ಒಂದರ ಮೇಲೊಂದು ಕೂತ ಗುಂಡುಗಳ ಗುಡ್ಡ, ಇನ್ನೊಂದು ಕೈಗೆ ನಾಟಿ ಮಾಡಿದ ಗದ್ದೆ, ನಡುವೆ ಬಾಳೆ, ತೆಂಗು. ಬೆಳಗಿನ ಆರೂವರೆಗೆ ಗುಂಡುಗಳ ನೆರಳು ಗದ್ದೆಯ ನೀರಿನ ಮೇಲೆ ಬಿದ್ದಿರುತ್ತದೆ. ತಳವಾರಘಟ್ಟದಲ್ಲಿ ಸೈಕಲ್ಲನ್ನು ಎತ್ತಿ ಹರಿಗೋಲಿಗೆ ಹಾಕಿ ದಾಟುವುದಂತೂ ಬೇರೆಲ್ಲೂ ಸಿಗದ ಸುಖ. ಅಲ್ಲಿ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದು ಕೆಲಸಗಾರರ ಪ್ರಾಣ ಹೋಯಿತು. ಆ ಜಾಗದಲ್ಲಿ ಹೊಳೆ ದಾಟುವಾಗ ನಾನು ಒಂದು ಕ್ಷಣ ಮಾತು ನಿಲ್ಲಿಸುತ್ತೇನೆ.

ಆದರೆ ಶಾಂತವಾದ ದಾರಿ ಎಂದು ಹೇಳಿ ಕಳಿಸುವ ಹಾದಿ ಶನಿವಾರ ಶಾಂತವಾಗಿರುವುದಿಲ್ಲ. ಅಂಜನಾದ್ರಿಯ 575 ಮೆಟ್ಟಿಲು ಹತ್ತಲು ಬರುವ ಭಕ್ತರ ಜೀಪು, ಟಿಟಿ, ಬಸ್ಸುಗಳು ಆ ಕಿರಿದಾದ ರಸ್ತೆಯ ಎರಡೂ ಅಂಚು ತುಂಬುತ್ತವೆ. ಹನುಮಮಾಲೆ ಬಿಡುವ ಹೊತ್ತಿಗೆ ಸೈಕಲ್ ತಳ್ಳಿಕೊಂಡು ಹೋಗಲೂ ಜಾಗ ಇರದು. ಭಕ್ತರ ಮೇಲೆ ನನಗೆ ಬೇಸರವಿಲ್ಲ, ಅದು ಅವರ ದಾರಿ. ವಾರದ ಯಾವ ದಿನ, ವರ್ಷದ ಯಾವ ತಿಂಗಳು ಎಂದು ಹೇಳದೆ ಹಾದಿಯೊಂದನ್ನು ‘ನಿರಾಳ’ ಎಂದು ಹೊಗಳುವವರ ಮೇಲೆ ಬೇಸರ. ಇನ್ನೊಂದು ಬದಲಾವಣೆಯನ್ನೂ ಈ ಹೊಗಳಿಕೆ ಗಮನಿಸಿಲ್ಲ. ವಿರೂಪಾಪುರಗಡ್ಡೆಯ ವಸತಿಗೃಹಗಳನ್ನು ಸುಪ್ರೀಂ ಕೋರ್ಟಿನ ತೀರ್ಪಿನ ಬಳಿಕ 2020ರ ಮಾರ್ಚ್‌ನಲ್ಲಿ ಕೆಡವಿದ ಮೇಲೆ ಪ್ರವಾಸಿಗರ ವಾಸ ಸಾಣಾಪುರ, ಆನೆಗುಂದಿಯ ಕಡೆಗೆ ಸರಿಯಿತು. ಜೊತೆಗೆ ಬಾಡಿಗೆ ಮೊಪೆಡ್ಡೂ ಬಂತು. ಸೈಕಲ್ಲಿಗೆಂದು ಹೆಸರಾದ ರಸ್ತೆಯಲ್ಲಿ ಈಗ ಸೈಕಲ್ ಕಾಣುವುದು ಅಪರೂಪ. ಕಂಡರೂ ಅದು ಎತ್ತರಕ್ಕೆ ಹೊಂದದ ಸೀಟಿನ, ಬ್ರೇಕು ಸವೆದ ಬಾಡಿಗೆ ಸೈಕಲ್ಲು.

ಇದೇ ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ಹಾದಿ ಇದೆ. ಅದು ಮುನಿರಾಬಾದಿನಿಂದ ಶುರುವಾಗುತ್ತದೆ.

ಹುಲಿಗಿಯ ಹುಲಿಗೆಮ್ಮನ ಗುಡಿಯ ಮುಂದೆ ಹಾದು ಶಿವಪುರ, ಬಂಡಿಹರ್ಲಾಪುರ, ಸಾಣಾಪುರ ಎಂದು ಹೊಳೆಯ ಎಡದಂಡೆಯಲ್ಲೇ ಪೂರ್ವಕ್ಕೆ ಹೋಗುವ ದಾರಿ ಅದು. ಹುಣ್ಣಿಮೆ ಮತ್ತು ಜಾತ್ರೆಯ ದಿನ ಬಿಟ್ಟರೆ ಹುಲಿಗಿ ದಾಟಿದ ಮೇಲೆ ಗಾಡಿಗಳ ಸದ್ದು ಕರಗುತ್ತದೆ. ಇಲ್ಲಿ ಒಂದಲ್ಲ, ಎರಡು ಕಾಲದ ಕಾಲುವೆಗಳು ಜೊತೆಯಾಗಿ ಹರಿಯುತ್ತವೆ. ಮೇಲೆ, ಗುಡ್ಡದ ಸೊಂಟ ಹಿಡಿದು, 1953ರಲ್ಲಿ ಪೂರ್ತಿಯಾದ ಅಣೆಕಟ್ಟಿನ ಎಡದಂಡೆ ಕಾಲುವೆ. ಕೆಳಗೆ, ಹೊಳೆಗೆ ಹತ್ತಿರವಾಗಿ, ವಿಜಯನಗರದ ಕಾಲದಲ್ಲಿ ಒಡ್ಡು ಕಟ್ಟಿ ತಿರುಗಿಸಿದ ಹುಲಿಗಿ, ಶಿವಪುರ, ಆನೆಗುಂದಿ, ಗಂಗಾವತಿ ಕಾಲುವೆಗಳು. ಹೊಸದು ಕಾಂಕ್ರೀಟಿನ ಹಾಸಿನ ಮೇಲೆ ನೆಟ್ಟಗೆ, ವೇಗವಾಗಿ ಹೋಗುತ್ತದೆ. ಹಳೆಯದು ಗುಂಡು ಕಂಡಲ್ಲಿ ಸುತ್ತಿ, ಮರ ಕಂಡಲ್ಲಿ ಬಾಗಿ ನಡೆಯುತ್ತದೆ. ಸೈಕಲ್ಲಿನ ವೇಗ ಹಳೆಯ ಕಾಲುವೆಯ ವೇಗಕ್ಕೆ ಹತ್ತಿರದ್ದು. ಕಾರಿನಲ್ಲಿ ಹೋಗುವವರಿಗೆ ಈ ಎರಡು ನೀರಿನ ನಡುವಿನ ವ್ಯತ್ಯಾಸ ಕಾಣಿಸದು. ನಡೆದು ಹೋಗುವವರಿಗೆ ಒಂದೇ ದಿನದಲ್ಲಿ ಎರಡನ್ನೂ ನೋಡಿ ಮುಗಿಯದು.

ಕಾಲುವೆ ಸೈಕಲ್ಲಿಗೆ ಯಾಕೆ ಇಷ್ಟು ಒಗ್ಗುತ್ತದೆ ಎನ್ನುವುದಕ್ಕೆ ಕಾರಣ ಸರಳ. ನೀರಿಗೆ ಏರು ಹತ್ತಲು ಬರುವುದಿಲ್ಲ. ಹಾಗಾಗಿ ನೂರಾರು ವರ್ಷದ ಹಿಂದಿನ ಕಾಮಾಟಿಯೂ ಸ್ವಾತಂತ್ರ್ಯದ ಆಸುಪಾಸಿನ ಇಂಜಿನಿಯರೂ ಮಾಡಬೇಕಾಗಿದ್ದ ಕೆಲಸ ಒಂದೇ: ಗುಡ್ಡವನ್ನು ಬಳಸಿ, ಎತ್ತರ ಆದಷ್ಟು ಕಡಿಮೆ ಕಳೆದುಕೊಳ್ಳುತ್ತ, ಕಣ್ಣಿಗೆ ಕಾಣದಷ್ಟು ಇಳಿಜಾರಿನಲ್ಲಿ ಗೆರೆ ಎಳೆಯುವುದು. ಆ ಗೆರೆಯ ಪಕ್ಕದಲ್ಲಿ ತೂಬು ನೋಡಿಕೊಳ್ಳುವವರು ಓಡಾಡಲೆಂದು ಬಿಟ್ಟ ಮೊರಂ ದಾರಿ ತಾನಾಗಿಯೇ ಏರಿಲ್ಲದ ದಾರಿಯಾಯಿತು. ಇಷ್ಟು ಹದವಾದ ಇಳಿಜಾರನ್ನು ಯಾವ ಪ್ರವಾಸೋದ್ಯಮ ಯೋಜನೆಯೂ ಸೈಕಲ್ಲಿಗಾಗಿ ಹಾಕಿಸಲಾರದು.

ಈ ದಾರಿಗೆ ಕೊರತೆಯೇ ಇಲ್ಲವೆಂದಲ್ಲ. ಬಳ್ಳಾರಿ ಜಾಲಿ ಎರಡೂ ಬದಿಯಿಂದ ಬೆಳೆದು ಕೆಲವೆಡೆ ಹ್ಯಾಂಡಲ್ ಹಾಯುವಷ್ಟೂ ಜಾಗ ಬಿಟ್ಟಿರುವುದಿಲ್ಲ. ಅದರ ಮುಳ್ಳು ರೋಡ್ ಸೈಕಲ್ಲಿನ ತೆಳು ಟೈರಿಗೆ ಸೂಜಿಯಂತೆ ಇಳಿಯುತ್ತದೆ. ಒಂದೇ ಬೆಳಿಗ್ಗೆ ಮೂರು ಪಂಚರ್ ಹಾಕಿಸಿಕೊಂಡ ದಿನ ನನ್ನದೂ ಇದೆ. ಆದ್ದರಿಂದ ಇಪ್ಪತ್ತೈದು ಮಿಲಿಮೀಟರ್ ಟೈರಿನ ಓಟದ ಸೈಕಲ್ ತಂದವರು ಡಾಂಬರು ಬಿಟ್ಟು ಇಳಿಯಬಾರದು. ದಪ್ಪ ಗಾಲಿಯ ಸಾದಾ ಸೈಕಲ್ಲೇ ಇಲ್ಲಿಗೆ ಸರಿ, ಜೊತೆಗೆ ಎರಡು ಟ್ಯೂಬು, ಒಂದು ಪಂಪು. ಪಂಚರ್ ತಿದ್ದುವವರು ಊರಿಗೊಬ್ಬರು ಸಿಗುತ್ತಾರೆ. ಅವರು ಕಲಿತದ್ದು ಬೈಕಿನ ಗಾಲಿಯ ಮೇಲೆ. ನಿಮ್ಮ ಸೈಕಲ್ಲಿನ ಕಿರಿದಾದ ವಾಲ್ವಿಗೆ ಅವರ ಗಾಳಿಯ ಪೈಪು ಕೂರದು.

ಸುರಕ್ಷತೆಯ ಮಾತನ್ನು ಇಷ್ಟಕ್ಕೇ ಬಿಟ್ಟರೆ ಈ ಬರಹ ಅಪ್ರಾಮಾಣಿಕವಾಗುತ್ತದೆ. 2025ರ ಮಾರ್ಚ್ 6ರ ರಾತ್ರಿ ಸಾಣಾಪುರದ ಬಳಿ, ಇದೇ ಕಾಲುವೆಯ ದಂಡೆಯಲ್ಲಿ ಕೂತಿದ್ದ ಐವರ ಮೇಲೆ ದಾಳಿಯಾಯಿತು. ಇಬ್ಬರು ಮಹಿಳೆಯರ ಮೇಲೆ ಅತ್ಯಾಚಾರ ನಡೆಯಿತು. ಕಾಲುವೆಗೆ ತಳ್ಳಿದ ಮೂವರು ಗಂಡಸರಲ್ಲಿ ಒಬ್ಬರು ಮುಳುಗಿ ಸತ್ತರು. ಆ ಸುದ್ದಿ ಓದಿದ ದಿನದಿಂದ ನಾನು ಈ ದಂಡೆಯನ್ನು ಹೊಗಳುವಾಗ ನನ್ನ ಮಾತನ್ನೇ ತಡೆದು ನೋಡಿಕೊಳ್ಳುತ್ತೇನೆ. ಗಂಡಸಾದ ನನಗೆ ನಿರಾಳವೆನಿಸಿದ ನಿರ್ಜನತೆ ಎಲ್ಲರಿಗೂ ನಿರಾಳವಲ್ಲ. ಹಾದಿಯೊಂದನ್ನು ಶಿಫಾರಸು ಮಾಡುವವರು ‘ಜನರಿಲ್ಲದ ದಾರಿ’ ಎನ್ನುವುದನ್ನು ಸುಮ್ಮನೆ ಗುಣವೆಂದು ಬರೆಯಬಾರದು. ಅಲ್ಲಿ ಬೆಳಕಿದೆಯೇ, ಹತ್ತಿರದ ಮನೆ ಎಷ್ಟು ದೂರ, ಕತ್ತಲಾಗುವ ಮೊದಲು ಯಾವ ಊರು ಸೇರಬೇಕು ಎಂಬುದು ಅದೇ ಸಾಲಿನಲ್ಲಿ ಇರಬೇಕು. ಕಾಲುವೆಯ ಸ್ವಭಾವವನ್ನೂ ಹೇಳಬೇಕು. ಕಾಂಕ್ರೀಟಿನ ಇಳಿಜಾರು ಪಾಚಿಗಟ್ಟಿ ನುಣುಪಾಗಿರುತ್ತದೆ, ಹರಿವು ಮೇಲಿನಿಂದ ಕಾಣುವುದಕ್ಕಿಂತ ಜೋರು. ಬಿದ್ದವರಿಗೆ, ಈಜು ಬಂದರೂ, ಹಿಡಿದು ಹತ್ತಲು ಏನೂ ಸಿಗದು. ಸವಾರರನ್ನು ದಂಡೆಗೆ ಕರೆಯುವವರು ಮೊದಲು ಅಲ್ಲಲ್ಲಿ ಮೆಟ್ಟಿಲನ್ನೂ ಹಿಡಿಯಲು ಸರಪಳಿಯನ್ನೂ ಕೇಳಬೇಕು, ಆಮೇಲೆ ಫಲಕ.

ಆನೆಗುಂದಿ, ಸಾಣಾಪುರದಲ್ಲೇ ತಿರುಗಿಬಿಡುವ ರೂಢಿಯ ಹಾದಿ ಕಳೆದುಕೊಳ್ಳುವುದು ಗಂಗಾವತಿಯನ್ನು. ಇದು ನನ್ನ ದೊಡ್ಡ ತಕರಾರು. ಆನೆಗುಂದಿಯಿಂದ ಸಂಗಾಪುರದ ಮೇಲೆ ಗಂಗಾವತಿಗೆ ಹೋಗಿ, ಅಲ್ಲಿಂದ ಶ್ರೀರಾಮನಗರ, ಸಿದ್ದಾಪುರ, ಕಾರಟಗಿಯ ಕಡೆಗೆ, ಹೆದ್ದಾರಿ ಬಿಟ್ಟು ಉಪಕಾಲುವೆಗಳ ಜೊತೆಗೆ ತಿರುಗಿದರೆ ಕರ್ನಾಟಕದ ಅತ್ಯಂತ ಸಪಾಟಾದ ನೆಲಗಳಲ್ಲೊಂದು ಎದುರಾಗುತ್ತದೆ. ಆ ಸಪಾಟು ನಿಸರ್ಗ ಕೊಟ್ಟದ್ದಲ್ಲ. ಅಣೆಕಟ್ಟಿನ ನೀರು ಬಂದ ಮೇಲೆ ಆಂಧ್ರದ ಕರಾವಳಿ ಜಿಲ್ಲೆಗಳಿಂದ ಬಂದವರು ಇಲ್ಲಿ ಜಮೀನು ಕೊಂಡು ಕ್ಯಾಂಪು ಹಾಕಿದರು. ಊರಿನ ರೈತರೂ ಜೋಳದ ಹೊಲ ಬಿಟ್ಟು ಭತ್ತಕ್ಕೆ ತಿರುಗಿದರು. ಭತ್ತಕ್ಕೆ ನೀರು ನಿಲ್ಲಬೇಕು, ನೀರು ನಿಲ್ಲಬೇಕಾದರೆ ಮಡಿ ಸಮವಾಗಬೇಕು. ಹಾಗಾಗಿ ದಿಬ್ಬ ಕಡಿದು ತಗ್ಗು ತುಂಬಿದರು, ವರ್ಷ ವರ್ಷವೂ ಹಲಗೆ ಹೊಡೆದರು. ಇಂದು ನನ್ನ ಕಾಲಿಗೆ ಆಯಾಸವಾಗದಿರುವುದು ಅವರ ತೋಳಿನ ದುಡಿಮೆಯಿಂದ. ಈ ನೆಲವನ್ನು ‘ಬರೀ ಗದ್ದೆ, ನೋಡಲು ಏನಿದೆ’ ಎಂದು ಪ್ರವಾಸದ ಪುಸ್ತಕಗಳು ದಾಟಿಹೋಗುತ್ತವೆ. ನೋಡಲು ಇರುವುದೇ ಅದು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಜನ ಕೈಯಾರೆ ಸಮ ಮಾಡಿದ ಭೂಮಿ.

ಈ ಹಾದಿಗೆ ತನ್ನದೇ ಪಂಚಾಂಗವಿದೆ. ಜುಲೈಯಲ್ಲಿ ಕಾಲುವೆಗೆ ನೀರು ಬಿಟ್ಟ ಮೇಲೆ ನಾಟಿ. ಆಗ ಗದ್ದೆಯಲ್ಲಿ ಕೆಸರು ತುಳಿದ ಟ್ರ್ಯಾಕ್ಟರುಗಳು ಕಬ್ಬಿಣದ ಗಾಲಿಯಲ್ಲೇ ರಸ್ತೆಗೆ ಬಂದು ಡಾಂಬರು ಕಿತ್ತಿರುತ್ತವೆ. ಸಣ್ಣ ದಾರಿಗಳ ಮೈ ಹಾಳಾಗಲು ಇದು ದೊಡ್ಡ ಕಾರಣ, ಸೈಕಲ್ಲಿನ ಮೇಲೆ ಕೂತವರ ಮಣಿಕಟ್ಟಿಗೆ ಪ್ರತಿ ಗೀರೂ ಗೊತ್ತಾಗುತ್ತದೆ. ಆಗಸ್ಟು, ಸೆಪ್ಟೆಂಬರಿನಲ್ಲಿ ಹಸಿರು ಕಣ್ಣು ತುಂಬುತ್ತದೆ. ಹಾಗೆಯೇ ಔಷಧಿ ಹೊಡೆಯುವ ವಾಸನೆ ಗಂಟಲಿಗೆ ಹತ್ತುತ್ತದೆ, ಆ ಹೊತ್ತಿಗೆ ಗಾಳಿ ಬೀಸುವ ದಿಕ್ಕು ನೋಡಿ ದಾರಿ ಬದಲಿಸಬೇಕು. ನವೆಂಬರು, ಡಿಸೆಂಬರಿನಲ್ಲಿ ಕೊಯ್ಲು. ಹಾರ್ವೆಸ್ಟರ್ ಹಿಂದೆಯೇ ಭತ್ತ ರಸ್ತೆಗೆ ಬರುತ್ತದೆ. ಅರ್ಧ ರಸ್ತೆಯ ಉದ್ದಕ್ಕೂ ಒಣಹಾಕಿ, ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಕಾರಿನವರು ಹಾರ್ನ್ ಹೊಡೆದು ಬೈಯುವುದನ್ನು ಕಂಡಿದ್ದೇನೆ. ಸೈಕಲ್ಲಿನವರು ಇಳಿದು ತಳ್ಳಿಕೊಂಡು ಹೋಗಬೇಕು. ಕಣವಿಲ್ಲದ ರೈತನಿಗೆ ಒಣ ನೆಲವೆಂದರೆ ಡಾಂಬರು ರಸ್ತೆ ಮಾತ್ರ. ಕೊಯ್ಲಾದ ಗದ್ದೆಗಳಿಗೆ ಬಾತುಕೋಳಿ ಹಿಂಡುಗಳು ಬರುತ್ತವೆ, ಒಂದೊಂದು ಹಿಂಡಿನಲ್ಲಿ ಸಾವಿರಕ್ಕೂ ಮೇಲೆ. ಕಾಯುವವರು ಉದ್ದ ಕೋಲು ಹಿಡಿದು ದಂಡೆ ದಾಟಿಸುವಾಗ ಹತ್ತು ನಿಮಿಷ ನಿಲ್ಲಬೇಕಾಗುತ್ತದೆ. ನನಗೆ ಈ ಹಾದಿಯ ಅತ್ಯುತ್ತಮ ಹತ್ತು ನಿಮಿಷ ಅದೇ. ಇನ್ನು ಗಂಗಾವತಿಯಿಂದ ಕಂಪ್ಲಿಯ ಕಡೆಗೆ ಸುತ್ತು ಹಾಕಬೇಕೆನ್ನುವವರು ಜಲಾಶಯದ ಸುದ್ದಿ ಕೇಳಿಕೊಂಡು ಹೊರಡಬೇಕು. ಹೊಳೆಗೆ ಹೆಚ್ಚು ನೀರು ಬಿಟ್ಟರೆ ಕಂಪ್ಲಿ ಸೇತುವೆ ಮುಳುಗುತ್ತದೆ.

ತಿಂಡಿಯ ವಿಷಯದಲ್ಲೂ ಈ ಹಾದಿ ಶ್ರೀಮಂತ. ಊರುಗಳಲ್ಲಿ ಮಂಡಾಳ ಒಗ್ಗರಣಿ, ಬಿಸಿ ಮಿರ್ಚಿ. ಕ್ಯಾಂಪುಗಳಲ್ಲಿ ಪೆಸರಟ್ಟು, ಶೇಂಗಾ ಚಟ್ನಿ. ಐದು ಕಿಲೋಮೀಟರಿನಲ್ಲಿ ಮಾತು ಬದಲಾಗುತ್ತದೆ, ಕಾರ ಬದಲಾಗುತ್ತದೆ.

ದಾರಿ ತೋರಿಸುವ ಫಲಕಗಳ ಬಗ್ಗೆ ಒಂದು ಮಾತು. ಬೆಲ್ಜಿಯಮ್ಮಿನ ಲಿಂಬರ್ಗ್ ಪ್ರಾಂತ್ಯದಲ್ಲಿ ಹ್ಯೂಗೋ ಬೋಲೆನ್ ಎಂಬ ಗಣಿ ಇಂಜಿನಿಯರರು, ಕಲ್ಲಿದ್ದಲ ಗಣಿಗಳು ಮುಚ್ಚಿದ ಕಾಲದಲ್ಲಿ, ಸೈಕಲ್ ದಾರಿಗಳಿಗೆ ಹೊಸ ಪದ್ಧತಿ ಯೋಚಿಸಿದರು. ಊರಿನ ಹೆಸರಿನ ಉದ್ದನೆಯ ಹಾದಿಗಳ ಬದಲಿಗೆ ದಾರಿಗಳು ಕೂಡುವ ಪ್ರತಿ ಜಾಗಕ್ಕೆ ಒಂದು ಸಂಖ್ಯೆ. ಸವಾರರು ತಮಗೆ ಬೇಕಾದ ಸಂಖ್ಯೆಗಳನ್ನು ಪೋಣಿಸಿಕೊಂಡು ತಮ್ಮದೇ ಹಾದಿ ಮಾಡಿಕೊಳ್ಳಬಹುದು. 1995ರಲ್ಲಿ ಅಲ್ಲಿ ಶುರುವಾದದ್ದು ನೆದರ್ಲೆಂಡ್ಸಿಗೂ ಹಬ್ಬಿ, ಇವತ್ತು ಆ ಸಪಾಟು ದೇಶಗಳ ಸೈಕಲ್ ಸಂಚಾರಕ್ಕೆ ಬೆನ್ನೆಲುಬಾಗಿದೆ. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಕೆನಾಲು. ಅದು ಹೊತ್ತುಕೊಂಡೇ ಬಂದ ಸಂಖ್ಯೆಗಳಿವೆ. ‘31ನೇ ಉಪಕಾಲುವೆ’ ಎಂದರೆ ಕಾರಟಗಿ ಭಾಗದ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮುನಿರಾಬಾದಿನಿಂದ ಕೆಳಕ್ಕೆ ಹೋದಂತೆ ಸಂಖ್ಯೆ ಏರುತ್ತದೆ. ಉಪಕಾಲುವೆಗೆ ಒಂದು ಸಂಖ್ಯೆ, ಅದರ ತೂಬುಗಳಿಗೆ ಒಂದು, ಮೇಲೆ ಮೈಲುಗಲ್ಲು. ದಾರಿ ತಪ್ಪಿದಾಗ ಯಾವ ಮೊಬೈಲ್ ನಕ್ಷೆಗಿಂತಲೂ ಬೇಗ ನನ್ನನ್ನು ಊರಿಗೆ ತಲುಪಿಸಿದ್ದು ಗೇಟಿನ ಕಟ್ಟೆಯ ಮೇಲೆ ಬಳಿದ ಈ ಅಂಕಿಗಳು. ಒಮ್ಮೆ ಬೆಳ್ಳಂಬೆಳಿಗ್ಗೆ ಸಲಿಕೆ ಹೆಗಲಿಗಿಟ್ಟು ನೀರು ತಿರುವಲು ಬಂದಿದ್ದ ಹಿರಿಯರೊಬ್ಬರನ್ನು ದಾರಿ ಕೇಳಿದೆ. “ಎಡಕ್ಕ ಹೊಳ್ಳಬ್ಯಾಡ್ರೀ ಸರ, ಅಲ್ಲಿ ತೂಬು ಒಡದೈತಿ, ರಾಡಿ ಆಗೈತಿ. ನೀರಿನ ಬೆನ್ನ ಹತ್ತೇ ಹೋಗ್ರಿ, ಕ್ಯಾಂಪಿಗೆ ಮುಟ್ತೀರಿ,” ಎಂದರು. ಕೆಲವೇ ಶಬ್ದಗಳಲ್ಲಿ ದಾರಿಯ ಮೈಯನ್ನೂ ದಿಕ್ಕನ್ನೂ ಹೇಳಿದ ಆ ವಿವರಣೆಯ ಮುಂದೆ ಪ್ರವಾಸಿ ಕೈಪಿಡಿಗಳ ಪುಟಗಳು ನಿಲ್ಲುವುದಿಲ್ಲ. ಹೊಸ ಫಲಕಕ್ಕೆ ಹಣ ಸುರಿಯುವ ಮೊದಲು ಇರುವ ಅಂಕಿಗಳಿಗೆ ಬಣ್ಣ ಹಚ್ಚಿ, ಪಕ್ಕದಲ್ಲಿ ಊರಿನ ಹೆಸರು ಬರೆದರೆ ಸಾಕು. ರೈತರೂ ಸವಾರರೂ ಒಂದೇ ಲೆಕ್ಕದಲ್ಲಿ ಮಾತಾಡಬಹುದು.

ಕುಷ್ಟಗಿ, ಯಲಬುರ್ಗಾ ಕಡೆಗೆ ಸೈಕಲ್ ತಿರುಗಿಸುವವರು ಕಡಿಮೆ. ಅಲ್ಲಿ ಹೊಳೆಯಿಲ್ಲ, ಈ ಕಾಲುವೆಯೂ ಇಲ್ಲ. ಇರುವುದು ಎರಿ ಮತ್ತು ಮಸಾರಿ ಭೂಮಿ, ಮಳೆ ಬಂದರೆ ಬೆಳೆ. ಸಪಾಟಿಗೂ ನಿರಾಳಕ್ಕೂ ಆ ತಾಲ್ಲೂಕುಗಳು ಕಡಿಮೆಯೇನಲ್ಲ. ಬನ್ನಿಕೊಪ್ಪದ ಕಡೆಯಿಂದ ಇಟಗಿಗೆ ಹೋಗುವ ದಾರಿಯಲ್ಲಿ ಹಿಂಗಾರಿ ಜೋಳ, ಕಡಲೆ ನಿಂತ ಕಾಲಕ್ಕೆ ಗುಡಿಯ ಗೋಪುರ ಬಹಳ ದೂರದಿಂದಲೇ ಬೆಳೆಯ ಮೇಲೆ ತೇಲಿದಂತೆ ಕಾಣುತ್ತದೆ. ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ, ಶಾಸನ ತಾನೇ ‘ದೇವಾಲಯ ಚಕ್ರವರ್ತಿ’ ಎಂದು ಕರೆದ ಗುಡಿ ಅದು. ಕಾರಿನಲ್ಲಿ ಬಂದವರಿಗೆ ಅದು ಬಾಗಿಲು ತೆರೆದ ತಕ್ಷಣ ಎದುರಾಗುತ್ತದೆ. ಸೈಕಲ್ಲಿನವರಿಗೆ ಅರ್ಧ ಗಂಟೆ ಹೊಲಗಳ ನಡುವೆ ನಿಧಾನವಾಗಿ ಬೆಳೆಯುತ್ತದೆ. ಕುಕನೂರಿನ ನವಲಿಂಗ ಗುಡಿಯನ್ನೂ ಸೇರಿಸಿ ಒಂದು ಬೆಳಿಗ್ಗೆಯಲ್ಲಿ ಮುಗಿಯುವ ಈ ಸುತ್ತನ್ನು ನಾನು ಅಂಜನಾದ್ರಿಯ ಸುತ್ತಿಗಿಂತ ಮೇಲೆ ಇಡುತ್ತೇನೆ. ನೆರಳಿಲ್ಲ, ಅದು ನಿಜ. ಮುಂಗಾರಿನಲ್ಲಿ ಪಡುವಣ ಗಾಳಿ ಎದೆಗೇ ಬಡಿಯುತ್ತದೆ. ಸುತ್ತ ತಲೆಯೆತ್ತಿರುವ ಗಾಳಿಯಂತ್ರಗಳು ಅಲ್ಲಿನ ಗಾಳಿಗೆ ಸಾಕ್ಷಿ. ಹೋಗುವಾಗ ಗಾಳಿಗೆ ಎದುರಾಗಿ, ಬರುವಾಗ ಬೆನ್ನಿಗೆ ಹಾಕಿಕೊಂಡು ಬರಬೇಕು. ಅಕ್ಟೋಬರಿನಿಂದ ಫೆಬ್ರವರಿಯ ತನಕ ಬೆಳಿಗ್ಗೆ ಹತ್ತರೊಳಗೆ ಮುಗಿಸಿದರೆ ಬಿಸಿಲೂ ಕಾಡದು.

ಆದರೂ ಆ ಕಡೆಯ ಮೌನವನ್ನು ಗಂಗಾವತಿಯ ಮೌನದ ಜೊತೆ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಮನಸ್ಸು ಬರುವುದಿಲ್ಲ. ಗಂಗಾವತಿಯ ಗದ್ದೆದಾರಿ ಬೆಳಿಗ್ಗೆ ಶಾಂತವಾಗಿದ್ದರೆ ಜನ ಗದ್ದೆಯೊಳಗೆ ಇದ್ದಾರೆ ಎಂದರ್ಥ, ಬಗ್ಗಿದ ಬೆನ್ನುಗಳು ದಾರಿಯಿಂದಲೇ ಕಾಣುತ್ತವೆ. ಮಳೆ ಕೈಕೊಟ್ಟ ವರ್ಷ ಕುಷ್ಟಗಿಯ ಹಳ್ಳಿಯೊಂದರ ದಾರಿ ಶಾಂತವಾಗಿದ್ದರೆ ಜನ ಗುಳೆ ಹೋಗಿರುತ್ತಾರೆ: ಮಂಗಳೂರಿಗೆ, ಬೆಂಗಳೂರಿಗೆ, ಗೋವೆಗೆ. ಸಾಲು ಸಾಲು ಮನೆಗಳಿಗೆ ಬೀಗ, ಕಟ್ಟೆಯ ಮೇಲೆ ಮುದುಕರು, ಕೂಸುಗಳು. “ಎಲ್ಲಿಂದ ಬಂದ್ರಿ, ನೀರ ಕುಡೀತೀರೇನ್ರಿ?” ಎಂದು ಕರೆಯುವ ಅಜ್ಜಿಯ ದನಿಯಲ್ಲಿ ಮಾತಿಗೆ ಜನ ಸಿಕ್ಕ ಸಂತೋಷ ಇರುತ್ತದೆ. ಅಂಥ ದಾರಿಯನ್ನು ‘ವಾಹನ ದಟ್ಟಣೆ ಇಲ್ಲ’ ಎಂದು ಅಂಕ ಕೊಟ್ಟು ಮೆಚ್ಚುವ ಪದ್ಧತಿಯಲ್ಲಿ ಏನೋ ಕುರುಡಿದೆ.

ಇನ್ನೊಂದು ಕುರುಡು, ಈ ತಾಲ್ಲೂಕುಗಳ ನಿಜವಾದ ಸೈಕಲ್ ಸವಾರರನ್ನು ಯಾರೂ ಕೇಳದಿರುವುದು. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತು. ಹೈಸ್ಕೂಲಿಲ್ಲದ ಕ್ಯಾಂಪುಗಳಿಂದ, ಬಸ್ಸು ಸರಿಯಾಗಿ ಬಾರದ ಹಳ್ಳಿಗಳಿಂದ ಹುಡುಗಿಯರು ಗುಂಪಾಗಿ ಕಾಲುವೆಯ ದಂಡೆ ಹಿಡಿದು ಶಾಲೆಗೆ ಬರತೊಡಗಿದ್ದು ಆಗ. ಯಾವ ದಂಡೆ ಮಳೆಗೆ ಜಾರುತ್ತದೆ, ಯಾವ ತಿರುವಿನಲ್ಲಿ ನಾಯಿ ಬೆನ್ನಟ್ಟುತ್ತದೆ, ಎಲ್ಲಿ ಒಬ್ಬರೇ ಹೋಗಬಾರದು ಎಂಬುದು ಆ ಹುಡುಗಿಯರಿಗೆ ಗೊತ್ತಿದ್ದಷ್ಟು ಯಾವ ಪ್ರವಾಸ ಮಾರ್ಗದರ್ಶಿಗೂ ಗೊತ್ತಿಲ್ಲ. ಕೋವಿಡ್ ಬಂದ ಮೇಲೆ ಸೈಕಲ್ ವಿತರಣೆ ನಿಂತಿತು. ಪ್ರವಾಸಿಗರ ಸೈಕಲ್ ಹಾದಿಯ ಬಗ್ಗೆ ಸಭೆ, ಚರ್ಚೆ ನಡೆಯುವ ಜಿಲ್ಲೆಯಲ್ಲೇ ಶಾಲೆಯ ಹುಡುಗಿ ಮತ್ತೆ ಟಂಟಂ ಕಾಯುತ್ತ ನಿಂತಿದ್ದಾಳೆ. ಸೈಕಲ್ ಹಾದಿಗೆಂದು ಒಂದೇ ರೂಪಾಯಿ ಖರ್ಚು ಮಾಡುವುದಿದ್ದರೂ ಆ ರೂಪಾಯಿ ಮೊದಲು ಅವಳ ದಾರಿಗೆ ಬೀಳಬೇಕು ಎಂದು ನಾನು ವಾದಿಸುತ್ತೇನೆ. ಅವಳಿಗೆ ಹಸನಾದ ದಾರಿ ಪ್ರವಾಸಿಗೂ ಹಸನೇ ಆಗಿರುತ್ತದೆ. ಪ್ರವಾಸಿಗೆಂದು ಮಾಡಿದ ದಾರಿ ಅವಳ ಶಾಲೆಯವರೆಗೆ ಮುಟ್ಟುವ ಭರವಸೆ ಇಲ್ಲ.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ಹರಿದು ಗೇಟೇ ಕೊಚ್ಚಿಹೋಯಿತು. ವಾರದೊಳಗೆ ತಾತ್ಕಾಲಿಕ ಗೇಟು ಕೂರಿಸಿದರು. ಆ ನಡುವೆ ಹೊಳೆಗೆ ಹರಿದುಹೋದದ್ದು ಈ ಬಯಲಿನ ಬೆಳೆಯ ನೀರು. ಆ ವಾರ ನಾನು 31ನೇ ಉಪಕಾಲುವೆಯ ಬದಿಯಲ್ಲಿ ಹೊರಟಿದ್ದೆ. ನಾಟಿ ಆಗಷ್ಟೇ ಮುಗಿದಿತ್ತು, ಸಸಿ ಇನ್ನೂ ಬೇರು ಹಿಡಿದಿರಲಿಲ್ಲ. ತೂಬಿಗೊಬ್ಬರು ನಿಂತು ನೀರನ್ನೇ ನೋಡುತ್ತಿದ್ದರು. ಬೇರೆ ದಿನಗಳಲ್ಲಿ ಸೈಕಲ್ ಕಂಡರೆ ಕೈಯೆತ್ತಿ ಮಾತಾಡಿಸುವವರು ಅಂದು ಕೇಳಿದ್ದು ಒಂದೇ: “ಮ್ಯಾಗಿಂದ ಬಂದ್ರೇನ್ರಿ? ನೀರ ಎಷ್ಟೈತಿ ಅಲ್ಲೆ?” ಪ್ರತಿ ತೂಬಿನ ಹತ್ತಿರವೂ ಸೈಕಲ್ ನಿಲ್ಲಿಸಿ, ಹಿಂದಿನ ಗೇಜಿನಲ್ಲಿ ಕಂಡ ಅಡಿಯನ್ನು ಹೇಳುತ್ತ ಹೋದೆ.